ಎಳ್ಳಮಾಸಿ ರಾತ್ರಿ ಮನಿಮಂದಿ ಕೂಡಿ ನೋಡಾಕ ಹಬ್ಬದ ಹಾರರ್ ಸಿನಿಮಾ ಯಾವುವು ಹೇಳ್ರಿ

ಎರಿಹೊಲದ ಹುಡುಗ, ಯಲಬುರ್ಗಾ:

ಎಲ್ಲಾರಿಗೂ ನಮಸ್ಕಾರ್ರಿ. ಈ ಸಲ ಎಳ್ಳಮಾಸಿ ಕ್ರಿಸ್ಮಸ್ ರಜಾದ ಬಾಜೂಕ ಬಂದೈತಿ, ಹಂಗಾಗಿ ಬೆಂಗಳೂರು ಹುಬ್ಬಳ್ಳ್ಯಾಗ ನೌಕರಿ ಮಾಡೋ ಕಾಕನ ಮಕ್ಕಳು, ದೊಡ್ಡಪ್ಪನ ಮಕ್ಕಳು ಎಲ್ಲಾ ಊರಿಗೆ ಬರಾಕತ್ತಾರ. ಹೊಲಕ್ಕ ಹೋಗಿ ಬನ್ನಿಗಿಡಕ್ಕ ಪೂಜಿ ಮಾಡಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಎಣ್ಣಿಗಾಯಿ ಪುಂಡಿಪಲ್ಯ ಕಡಬು ಎಲ್ಲಾ ಉಂಡು ಹೊತ್ತು ಮುಳುಗೋದ್ರಾಗ ಮನಿಗೆ ಬರ್ತೀವಿ, ಆಮ್ಯಾಲ ರಾತ್ರಿ ಏನ್ ಮಾಡೋದು ಅಂತ ಗ್ರೂಪ್‌ನಾಗ ಮಾತು ಬಂದಾಗ ದೊಡ್ಡ ಹುಡುಗ್ರೆಲ್ಲಾ ಹಾರರ್ ಸಿನಿಮಾ ಹಾಕೋಣು ಅಂದ್ರು. ಒಬ್ಬನ ಹತ್ರ ಪ್ರೊಜೆಕ್ಟರ್ ಐತಿ, ಪಡಸಾಲಿ ಗ್ವಾಡಿ ದೊಡ್ಡದೈತಿ.

ನನಗ ಬೇಕಾಗಿರೋದು ಸುಮ್ನ ದೆವ್ವದ ಸಿನಿಮಾ ಅಲ್ರಿ. ಹಬ್ಬದ ದಿನಾನ ನಡಿಯೋ ಕಥಿ ಬೇಕು, ಅದೂ ಹಿಂದ ಲೈಟಿನ ಸರ ಹಾಕಿ ಹಬ್ಬ ಅಂತ ತೋರ್ಸೋದಲ್ಲ, ಹಬ್ಬ ತಗದ್ರ ಕಥೀನ ಬಿದ್ದುಹೋಗ್ಬೇಕು, ಅಂಥಾದ್ದು. ಇಂಗ್ಲಿಷಿನ್ಯಾಗ ಕ್ರಿಸ್ಮಸ್ ಹಾರರ್ ಅಂತ ಭಾಳ ಅದಾವ ಅಂತ ಕೇಳೀನಿ ಆದ್ರ ಯಾವುದು ಚಲೋ ಯಾವುದು ಬರೇ ರಕ್ತ ಅಂತ ನೋಡಿದವರ ಹೇಳ್ಬೇಕು.

ಕಂಡೀಷನ್ ಏನಪಾ ಅಂದ್ರ, ಮುಂದಿನ ಸಾಲಿನ್ಯಾಗ ಸಣ್ಣ ಹುಡುಗ್ರು ಕುಂತಿರ್ತಾವ, ಹಿಂದ ಕುರ್ಚಿ ಮ್ಯಾಲ ದೊಡ್ಡವ್ವ, ಅತ್ತಿ, ಮಾವ ಎಲ್ಲಾ ಇರ್ತಾರ. ದೊಡ್ಡವರ ಮುಂದ ತಲಿ ಕೆಳಗ ಹಾಕೋ ಸೀನ್ ಇರಬಾರ್ದು. ಎರಡು ಸಿನಿಮಾ ಹಾಕೋ ವಿಚಾರ ಐತಿ, ಮೊದಲನೇದು ಎಲ್ಲಾರಿಗೂ, ಹುಡುಗ್ರು ಮಕ್ಕೊಂಡ ಮ್ಯಾಲ ಎರಡನೇದು ನಮಗ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಯಾವುದಾದ್ರೂ ನಡಿತೈತಿ. ಇನ್ನೊಂದ್ ಏನಂದ್ರ ನಮ್ಮ ದೊಡ್ಡವ್ವ ಅಮಾಸಿ ರಾತ್ರಿ ಅಂಥಾ ಸಿನಿಮಾ ಮನ್ಯಾಗ ಹಾಕಬ್ಯಾಡ್ರಿ ಅಂತ ಈಗಿಂದನ ಅನ್ನಾಕತ್ತಾಳ, ಅದಕ್ಕೂ ಏನಾದ್ರೂ ದಾರಿ ಇದ್ರ ಹೇಳ್ರಿ.

ಕಡೇ ಶೋ, ರಾಯಚೂರು:

ತಮ್ಮಾ, ನೀ ಕೇಳಿದ್ದು ಸರಿಯಾದ ಪ್ರಶ್ನೆ ಅದ, ಯಾಕಂದ್ರ ಕ್ರಿಸ್ಮಸ್ ಹಾರರ್ ಅಂತ ಹುಡುಕಿದ್ರ ಸಾಂತಾ ವೇಷ ಹಾಕ್ಕೊಂಡು ಕೊಡ್ಲಿ ಹಿಡಕೊಂಡು ಓಡಾಡೋ ಸಿನಿಮಾನ ರಾಶಿ ಬೀಳ್ತಾವ, ಅವುನ್ನೆಲ್ಲಾ ಬಿಟ್ಟುಬಿಡು. 1984ರಾಗ ಬಂದ ಸೈಲೆಂಟ್ ನೈಟ್ ಡೆಡ್ಲಿ ನೈಟ್ ಅಂತ ಒಂದು ಅದ, ಅದರ ಜಾಹೀರಾತಿನ್ಯಾಗ ಸಾಂತಾ ಕೈಯಾಗ ಕೊಡ್ಲಿ ನೋಡಿ ಅಮೆರಿಕದಾಗ ತಾಯಿ ತಂದಿಗಳು ಥೇಟರ್ ಮುಂದ ನಿಂತು ಗಲಾಟಿ ಮಾಡಿದ್ರು, ಕಂಪನಿಯವರು ಸಿನಿಮಾನ ವಾಪಸ್ ತಗೊಂಡ್ರು. ಹೆಸರು ಆ ಗಲಾಟಿಯಿಂದ ಬಂತು, ಸಿನಿಮಾದಾಗ ಮನಿಮಂದಿ ಕೂಡಿ ನೋಡೋದು ಏನೂ ಇಲ್ಲ.

ಮೊದಲ ಶೋಕ್ಕ ನನ್ನ ಓಟು ಗ್ರೆಮ್ಲಿನ್ಸ್‌ಗೆ. ಅದೂ 1984ದ್ದೇ, ಜೋ ಡಾಂಟೆ ಡೈರೆಕ್ಟರ್, ಕಥಿ ಬರದವ ಕ್ರಿಸ್ ಕೊಲಂಬಸ್, ಹಿಂದ ಸ್ಪೀಲ್‌ಬರ್ಗ್ ಇದ್ದ. ಅಪ್ಪ ಮಗನಿಗೆ ಕ್ರಿಸ್ಮಸ್ ಗಿಫ್ಟ್ ಅಂತ ಒಂದು ಸಣ್ಣ ಮುದ್ದು ಪ್ರಾಣಿ ತರ್ತಾನ, ಅದಕ್ಕ ಮೂರು ಕಟ್ಟಳಿ, ಜೋರು ಬೆಳಕು ತೋರಿಸಬಾರ್ದು, ನೀರು ತಾಕಿಸಬಾರ್ದು, ಮಧ್ಯರಾತ್ರಿ ಆದ ಮ್ಯಾಲ ತಿನ್ನಾಕ ಕೊಡಬಾರ್ದು. ಇದು ನಮ್ಮ ಮನ್ಯಾಗಿನ ದೊಡ್ಡವರಿಗೆ ಸಬ್‌ಟೈಟಲ್ ಇಲ್ದನೂ ತಿಳಿತದ ನೋಡು, ಹಬ್ಬದ ದಿನ ಇದು ಮಾಡಬ್ಯಾಡ ಅದು ಮಾಡಬ್ಯಾಡ ಅನ್ನೋದು ಅವರಿಗೆ ಹೊಸಾದಲ್ಲ. ಮೂರೂ ಕಟ್ಟಳಿ ಮುರಿತಾವ ಅಂತ ನೋಡೋರಿಗೆ ಗೊತ್ತು, ಯಾವಾಗ ಅನ್ನೋದಕ್ಕ ಕಾಯ್ತಾರ. ಅದರಾಗ ಅವ್ವ ಅಡಗಿಮನ್ಯಾಗ ಒಬ್ಬಾಕೀನ ಇದ್ದಾಗ ಆ ಪ್ರಾಣಿಗಳ ಮ್ಯಾಲ ತಿರುಗಿ ಬೀಳೋ ಸೀನ್ ಅದ, ಕೈಯಾಗ ಚಾಕು, ಕಟ್ಟಿ ಮ್ಯಾಲ ಮಿಕ್ಸಿ, ಬಾಜೂಕ ಮೈಕ್ರೋವೇವ್, ಎದುರಿಗೆ ಏನು ಸಿಗ್ತದ ಅದರ್ಲೆ ಹೊಡೆದಾಡ್ತಾಳ, ಅಲ್ಲಿ ನಿಮ್ಮ ಅತ್ತಿಯವರು ಚಪ್ಪಾಳಿ ಹೊಡೀತಾರ, ಬರದಿಟ್ಟುಕೋ. ಒಂದೇ ಮಾತು, ಭಾಳ ಸಣ್ಣ ಕೂಸು ಇದ್ರ ಆ ಸೀನಿಗೆ ಅಂಜಬಹುದು. ಈ ಸಿನಿಮಾ ಮತ್ತ ಅದೇ ವರ್ಷದ ಇಂಡಿಯಾನಾ ಜೋನ್ಸ್ ಎರಡಕ್ಕೂ ಮಕ್ಕಳು ಅಂಜಿದ್ರು ಅಂತ ದೂರು ಬಂದ ಮ್ಯಾಲೆನೇ ಅಮೆರಿಕದಾಗ 13 ವರ್ಷದ ಹೊಸ ರೇಟಿಂಗ್ ತಂದ್ರು.

ಎರಡನೇ ಶೋಕ್ಕ ಬ್ಲ್ಯಾಕ್ ಕ್ರಿಸ್ಮಸ್. 1974ದ್ದು ನೋಡು, ಕೆನಡಾದ್ದು, ಬಾಬ್ ಕ್ಲಾರ್ಕ್ ಡೈರೆಕ್ಟರ್, ಇದೇ ಹೆಸರಿನ್ಯಾಗ 2006, 2019ರಾಗ ಬಂದಾವ, ಅವು ಬ್ಯಾಡ. ಹುಡುಗೇರ ಹಾಸ್ಟೆಲ್, ಕ್ರಿಸ್ಮಸ್ ರಜಾ, ಒಬ್ಬೊಬ್ಬರೇ ಊರಿಗೆ ಹೊಂಟಾರ, ಫೋನ್ ಬರ್ಲಿಕ್ಕೆ ಶುರು ಆಗ್ತದ. ರಜಾ ಇರೋದಕ್ಕನ ಒಬ್ಬಾಕಿ ಕಾಣಲಿಲ್ಲ ಅಂದ್ರ ಊರಿಗೆ ಹೋಗಿರಬೇಕು ಅಂತ ಎಲ್ಲಾರೂ ಸುಮ್ನಾಗ್ತಾರ, ನೀ ಹೇಳಿದ ಹಂಗ ಹಬ್ಬ ತಗದ್ರ ಕಥೀನ ಇಲ್ಲ. ರಕ್ತ ಕಡಿಮಿ. ಆ ಫೋನ್ ಎಲ್ಲಿಂದ ಬರ್ತದ ಅಂತ ಹುಡುಕಾಕ ಎಕ್ಸ್‌ಚೇಂಜ್‌ನಾಗ ಒಬ್ಬ ಮನಷಾ ಸಾಲು ಸಾಲು ಮಷೀನ್ ನಡುವ ಓಡ್ತಾನ, ಕಟ ಕಟ ಅಂತ ಸ್ವಿಚ್ ತಿರುಗೋದನ್ನ ಕಣ್ಣಿಲೇ ಹಿಂಬಾಲಿಸ್ತಾನ, ಅಲ್ಲಿ ಮಟ ಕಾಲ್ ಕಟ್ ಆಗಬಾರ್ದು ಅಂತ ಈ ಕಡಿ ಹುಡುಗಿ ಆ ಕೆಟ್ಟ ಮಾತು ಕೇಳ್ತಾನ ಇರ್ಬೇಕು. ಮೊಬೈಲ್ ಕಾಲದ ಹುಡುಗ್ರಿಗೆ ಅದನ್ನ ನಿಲ್ಲಿಸಿ ಹೇಳಬೇಕಾಗ್ತದ, ಆದ್ರೂ ಅಷ್ಟು ಬಿಗಿ ಸೀನ್ ಈ ಜಾತಿ ಸಿನಿಮಾದಾಗ ನಾ ಬ್ಯಾರೆ ನೋಡಿಲ್ಲ. ಹ್ಯಾಲೊವೀನ್ ಸಿನಿಮಾ ಅಂತ ಎಲ್ಲಾರೂ ಹೇಳ್ತಾರಲ್ಲ, ಅದು ಬಂದಿದ್ದು ಇದಾಗಿ ನಾಲ್ಕು ವರ್ಷಕ್ಕ. ಫೋನಿನ್ಯಾಗ ಬರೋ ಮಾತು ಮಾತ್ರ ಭಾಳ ಹೊಲಸು, ಅದಕ್ಕ ದೊಡ್ಡವರು ಎದ್ದು ಹೋದ ಮ್ಯಾಲನ ಹಾಕು.

ಬಳ್ಳಾರಿ ಬಿಸಿಲು:

ಅಣ್ಣಾ ನೀವು ಹೇಳಿದ ಎರಡೂ ಸಿನಿಮಾ ಚೆನ್ನಾಗಿವೆ ನಾನೂ ನೋಡೀನಿ, ಆದ್ರೆ ಕುರ್ಚಿ ಮೇಲೆ ಕೂತಿರೋ ದೊಡ್ಡವರನ್ನ ಒಂದ್ಸಲ ನೆನೆಸ್ಕಳ್ರಿ. ಹೊಲದಾಗೆ ಇಡೀ ದಿನ ಬಿಸಿಲಲ್ಲಿ ಇದ್ದು, ಹೊಟ್ಟೆ ತುಂಬ ಉಂಡು ಬಂದೋರು ಇಂಗ್ಲಿಷ್ ಡೈಲಾಗು ಕೇಳ್ತಾ ಕೆಳಗೆ ಸಣ್ಣ ಅಕ್ಷರ ಓದ್ತಾ ಕೂತ್ಕಂತಾರಾ? ಅರ್ಧ ಗಂಟೆಗೆ ನಿದ್ದೆ ಹೋಗ್ತಾರೆ. ಮನೆಮಂದಿ ಎಲ್ಲ ಕೂಡಿ ಅಂಜಬೇಕು ಅಂದ್ರೆ ಭಾಷೆ ಕಿವಿಗೆ ಹತ್ತಬೇಕು.

ನನ್ನ ಕೇಳಿದ್ರೆ ಮೊದಲನೇದು ಆಪ್ತಮಿತ್ರ. ಇದು ಹಬ್ಬದ ಸಿನಿಮಾ ಹೆಂಗೆ ಅಂತ ಕೇಳಬೇಡ್ರಿ, ಇದರ ಬೇರು 1993ರ ಮಲಯಾಳಂ ಮಣಿಚಿತ್ರತಾಳು, ಫಾಝಿಲ್ ಮಾಡಿದ್ದು, ಅದರಾಗೆ ನಾಗವಲ್ಲಿ ಸೇಡು ತೀರಿಸ್ಕಳಾಕೆ ಕಾಯೋದೇ ದುರ್ಗಾಷ್ಟಮಿ ರಾತ್ರಿಗೆ. ದಸರಾ ಹತ್ರ ಬಂದಂಗೆಲ್ಲ ಆಕೆ ಜೋರಾಗ್ತಾಳೆ, ಡಾಕ್ಟ್ರು ತನ್ನ ಉಪಾಯನೂ ಅದೇ ರಾತ್ರಿಗೆ ಕೂಡಿಸಬೇಕಾಗ್ತದೆ. ದಸರಾ ಅಲ್ಲದ ದಿನ ಈ ಕಥೆ ಮುಗಿಯಾಕೇ ಆಗಲ್ಲ. ಶೋಭನಾಗೆ ಅದಕ್ಕೆ ನ್ಯಾಷನಲ್ ಅವಾರ್ಡ್ ಬಂತು. ನಮ್ಮ ಕನ್ನಡದ್ದು 2004ರ ಆಗಸ್ಟ್‌ನಾಗೆ ಬಂದಾಗ ಸೌಂದರ್ಯ ಇರಲಿಲ್ಲ, ಏಪ್ರಿಲ್‌ನಾಗೆ ವಿಮಾನ ಬಿದ್ದು ತೀರ್ಕಂಡಿದ್ರು. ಥೇಟರ್‌ನಾಗೆ ಆಕೆ ಮೊದಲನೇ ಸಲ ತೆರೆ ಮೇಲೆ ಬಂದಾಗ ಹೆಂಗಸ್ರು ಅತ್ತಿದ್ದು ನನಗೆ ಈಗಲೂ ನೆನಪೈತೆ. ಆಮೇಲೆ ರಾ ರಾ ಹಾಡು. ನಾಗವಲ್ಲಿ ತೆಲುಗು ಮಾತಾಡ್ತಾಳೆ, ಮೈಸೂರು ಕಡೆಯೋರಿಗೆ ಅದು ಗೊತ್ತಾಗದ ಭಾಷೆ ಅಂತ ಅಂಜಿಕೆ ಕೊಡ್ತದೆ, ನಮ್ಮ ಬಳ್ಳಾರಿಯೋರಿಗೆ ಪ್ರತಿ ಮಾತೂ ತಿಳಿತದೆ, ಆಕೆ ಏನು ಬೈತಾಳೆ ಯಾಕೆ ಅಳ್ತಾಳೆ ಎಲ್ಲ ತಿಳಿತದೆ, ಅದಕ್ಕೇ ನಮಗೆ ಆ ಸೀನ್ ಇನ್ನಷ್ಟು ತಾಕ್ತದೆ ಅಂತ ನನ್ನ ಅಭಿಪ್ರಾಯ. ಸಂಕಟ ಗೊತ್ತಾದ ದೆವ್ವಕ್ಕೇ ಜಾಸ್ತಿ ಅಂಜ್ತೀವಿ.

ಅರುಂಧತಿ ಹಾಕ್ರಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಕಥೆ ಗದ್ವಾಲದ್ದು, ರಾಯಚೂರಿಗೆ ಬಾಜೂಕೇ ಐತೆ, 2009ರ ಸಂಕ್ರಾಂತಿಗೆ ಬಂತು, ನಮ್ಮ ಕಡೆ ಎಲ್ಲರೂ ನೋಡಿದಾರೆ. ಸಿನಿಮಾ ಗಟ್ಟಿ ಐತೆ. ಆದ್ರೆ ಹೆಣ್ಮಕ್ಕಳ ಮೇಲೆ ಪಶುಪತಿ ಮಾಡೋ ಹಿಂಸೆ ಮಕ್ಕಳ ಮುಂದೆ ನೋಡೋ ಅಂಥಾದ್ದಲ್ಲ, ಹಬ್ಬದ ರಾತ್ರಿಗೆ ಅಂತೂ ಬೇಡ.

ಸ್ತ್ರೀ ಬಗ್ಗೆ ಯಾರೂ ಹೇಳ್ಲಿಲ್ಲ ಯಾಕೆ? 2018ದ್ದು, ಹಿಂದಿ. ಚಂದೇರಿ ಊರಾಗೆ ವರ್ಷಕ್ಕೊಂದ್ಸಲ ನಾಕು ದಿನ ಪೂಜೆ ನಡಿಯೋವಾಗ ಮಾತ್ರ ಸ್ತ್ರೀ ಅನ್ನೋ ಹೆಣ್ಣು ದೆವ್ವ ಬರ್ತಾಳೆ, ಗಂಡಸ್ರನ್ನ ಎತ್ಕಂಡು ಹೋಗ್ತಾಳೆ, ಬಟ್ಟೆ ಮಾತ್ರ ಬಿದ್ದಿರ್ತದೆ. ಬಾಗಿಲ ಮೇಲೆ ನಾಳೆ ಬಾ ಅಂತ ಬರಿಯೋದು ನಮ್ಮ ಕರ್ನಾಟಕದ್ದೇ ಸುದ್ದಿ, ಬರದ ರಾಜ್ ಮತ್ತು ಡಿಕೆ ಅದನ್ನೇ ತಗಂಡು ಚಂದೇರಿಗೆ ಒಯ್ದಿದಾರೆ. ನಾವು ಸಣ್ಣೋರಿದ್ದಾಗ ನಮ್ಮ ಓಣ್ಯಾಗೆ ಸುಣ್ಣದಾಗೆ ಬರೆದಿದ್ರು. ಅಜ್ಜಿಗೆ ಇದು ಹೇಳಿ ಕೂಡಿಸ್ರಿ, ಖರೇ ನೋಡ್ತಾರೆ. ಕೆಲವು ಡೈಲಾಗು ಪೋಲಿ ಐತೆ, ಅದಕ್ಕೆ ರಿಮೋಟ್ ಕೈಯಾಗೇ ಇರಲಿ.

ಎರಿಹೊಲದ ಹುಡುಗ, ಯಲಬುರ್ಗಾ:

ಅಣ್ಣಾ, ಅಕ್ಕಾ, ಇಬ್ಬರಿಗೂ ಭಾಳ ಥ್ಯಾಂಕ್ಸ್ ರಿ. ಅಕ್ಕ ಹೇಳಿದ ಭಾಷಿ ಮಾತು ಖರೇ ಐತಿ, ನಮ್ಮ ಮಾವ ಸಬ್‌ಟೈಟಲ್ ಅಂದ್ರ ಎದ್ದು ಹೊಂಟುಬಿಡ್ತಾನ. ಆದ್ರ ಆಪ್ತಮಿತ್ರ ನಮ್ಮ ಮನ್ಯಾಗ ಟೀವ್ಯಾಗ ಬಂದಾಗೆಲ್ಲಾ ನೋಡ್ಯಾರ, ಡೈಲಾಗ್ ಬಾಯಿಪಾಠ. ಗೊತ್ತಿದ್ದ ಸಿನಿಮಾಕ್ಕ ಅಂಜಿಕಿ ಬರ್ತೈತೇನ್ರಿ? ಮತ್ತ ಕ್ರಾಂಪಸ್ ಅಂತ ಒಂದು ಐತಿ ಅಂತ ನಮ್ಮ ತಮ್ಮ ಭಾಳ ಹಠ ಹಿಡದಾನ, ಅದು ಹೆಂಗೈತಿ?

ಕಡೇ ಶೋ, ರಾಯಚೂರು:

ಕ್ರಾಂಪಸ್ ಹೇಳಾಕ ಬಿಟ್ಟಿದ್ದೆ, ನಿನ್ನ ತಮ್ಮನ ಹಠ ಸರಿ ಅದ. 2015, ಮೈಕಲ್ ಡೌಘರ್ಟಿ. ಕ್ರಿಸ್ಮಸ್‌ಗೆ ಬೀಗರು ನೆಂಟರು ಎಲ್ಲಾ ಒಂದೇ ಮನ್ಯಾಗ ಕೂಡ್ತಾರ, ಊಟಕ್ಕ ಕುಂತಾಗ ಒಬ್ಬರಿಗೊಬ್ಬರು ಚುಚ್ಚಿ ಮಾತಾಡ್ತಾರ, ಸಣ್ಣ ಹುಡುಗ ಸಾಂತಾಗೆ ಬರದಿದ್ದ ಚೀಟಿನ ಅವನ ಕಸಿನ್ಸ್ ಎಲ್ಲಾರ ಮುಂದ ಓದಿ ನಗ್ತಾರ, ಅಂವ ಸಿಟ್ಟಿಗೆದ್ದು ಚೀಟಿ ಹರದು ಕಿಟಕಿಯಿಂದ ಒಗಿತಾನ. ಅಷ್ಟೇ. ಹಿಮದ ಬಿರುಗಾಳಿ ಬಂದು ಕರೆಂಟ್ ಹೋಗ್ತದ, ಕ್ರಾಂಪಸ್ ಅನ್ನೋ ಕೋಡಿನ ದೆವ್ವ ಬರ್ತಾನ. ಇದು ಕಟ್ಟಿದ ಕಥಿ ಅಲ್ಲ, ಆಸ್ಟ್ರಿಯಾ ಕಡಿ ಡಿಸೆಂಬರ್ 5ರ ರಾತ್ರಿ ಕ್ರಾಂಪಸ್ ರಾತ್ರಿ ಅಂತನ ಮಾಡ್ತಾರ, ಕಟ್ಟಿಗಿ ಮುಖವಾಡ, ಕೋಡು, ತೊಗಲು, ಸೊಂಟಕ್ಕ ಗಂಟಿ ಕಟಗೊಂಡು ಗಂಡಸ್ರು ಬೀದ್ಯಾಗ ಓಡಿ ಮಕ್ಕಳನ್ನ ಅಂಜಿಸ್ತಾರ, ಮರುದಿನ ಸಂತ ನಿಕೋಲಸ್ ಹಬ್ಬ. ಸಿನಿಮಾದಾಗ ಅಜ್ಜಿ ಒಬ್ಬಾಕಿಗೇ ಇದೆಲ್ಲಾ ಗೊತ್ತಿರ್ತದ, ಯಾರೂ ಆಕಿ ಮಾತು ಕೇಳಂಗಿಲ್ಲ. ಆಕಿ ತನ್ನ ಸಣ್ಣಂದಿನ ಕಥಿ ಹೇಳೋವಾಗ ಸಿನಿಮಾ ಗೊಂಬಿ ಆಟದ ಹಂಗ ಬದಲಾಗ್ತದ, ಆ ಭಾಗ ಭಾಳ ಚಂದ ಅದ. ನೆಂಟರು ತುಂಬಿದ ಮನ್ಯಾಗ ಕುಂತು ನೋಡಾಕ ಇದಕ್ಕಿಂತ ತಕ್ಕದ್ದು ಇಲ್ಲ. ರಕ್ತಾನೂ ಕಡಿಮಿ. ಕೊನಿ ಸೀನಿಗೆ ಮಾತ್ರ ಖುಷಿ ಇಲ್ಲ ಸಮಾಧಾನ ಇಲ್ಲ, ನಿಮ್ಮ ಮನ್ಯಾಗ ಅರ್ಧ ಮಂದಿ ಹಿಂಗ್ಯಾಕ ಮುಗಿಸಿದ ಅಂತ ಬೈತಾರ, ಬೈಲಿ, ಅದರ ಮ್ಯಾಲ ಒಂದು ತಾಸು ಮಾತಾಡಬಹುದು.

ಫಿನ್ಲೆಂಡಿಂದು ರೇರ್ ಎಕ್ಸ್‌ಪೋರ್ಟ್ಸ್, 2010, ಅದೂ ನನಗ ಭಾಳ ಸೇರ್ತದ. ಗುಡ್ಡ ಅಗದು ಒಳಗ ಹೂತಿದ್ದ ಖರೇ ಸಾಂತಾನ್ನ ಹೊರಗ ತಗೀತಾರ, ಅಂವ ಗಿಫ್ಟ್ ಕೊಡೋ ಅಜ್ಜ ಅಲ್ಲ. ಆದ್ರ ಅದರಾಗ ಮುದುಕ್ರು ಬತ್ತಲೆ ಓಡಾಡ್ತಾರ, ಅದಕ್ಕ ಹಿರಿಯರ ಮುಂದ ಬ್ಯಾಡ.

ಮುದಗಲ್ ಮಾಸ್ತರ್:

ಓದಿದೆ. ಎಲ್ಲರೂ ಚಲೋ ಹೇಳ್ಯಾರ. ನಾನು ಅಮಾಸಿ ಮಾತಿಗೆ ಮೊದಲು ಬರ್ತೀನಿ.

ನಿಮ್ಮ ದೊಡ್ಡವ್ವನ ಮಾತನ್ನ ತಳ್ಳಿಹಾಕಬ್ಯಾಡ್ರಿ, ಆಕೀಗೆ ಗೌರವ ಕೊಟ್ಟೇ ದಾರಿ ಹುಡುಕಬೇಕು. ಎಳ್ಳಮಾಸಿ ಅಂಜಿಕಿ ಅಮಾಸಿ ಅಲ್ಲ. ಚರಗ ಅಂದ್ರ ಭೂಮ್ತಾಯಿಗೆ ಉಣಿಸೋದು, ಬಸುರಿಗೆ ಬಯಕಿ ಊಟ ಹಾಕ್ದಂಗ ತೆನಿ ಕಟ್ಟೋ ಹೊಲಕ್ಕ ಅನ್ನ ಚೆಲ್ಲೋದು, ಐದು ಕಲ್ಲು ಇಟ್ಟು ಪಾಂಡವರು ಅಂತ ಪೂಜಿ ಮಾಡೋದು. ಆ ದಿನದ ರಾತ್ರಿ ಮನಿಮಂದಿ ಒಂದು ಕಡೆ ಕೂತು ಕಥಿ ಕೇಳಿದ್ರ ಏನೂ ಕೆಡಂಗಿಲ್ಲ. ಆದ್ರೂ ಆಕೀ ಮನಸ್ಸಿಗೆ ಸಮಾಧಾನ ಆಗಬೇಕಂದ್ರ ದೇವರ ದೀಪ ಹಚ್ಚಿಟ್ಟು, ಕಥಿ ಹೇಳೋ ಕೆಲಸ ಆಕೀಗೇ ಮೊದಲು ಕೊಡ್ರಿ. ಸಿನಿಮಾಕ್ಕಿಂತ ಮುಂಚೆ ಜೋಕುಮಾರನ ಕಥಿ ಹೇಳು ಅನ್ರಿ.

ಇದನ್ನ ಯಾಕ ಹೇಳ್ತೀನಿ ಅಂದ್ರ, ಹಬ್ಬ ತಗದ್ರ ಕಥಿ ಬೀಳಬೇಕು ಅಂತ ಕೇಳ್ದಿರಲ್ಲ, ಅಂಥಾ ಕಥಿ ನಮ್ಮ ಸೀಮ್ಯಾಗ ಭಾದ್ರಪದಕ್ಕೊಮ್ಮೆ ಬಾಗಿಲಿಗೇ ಬರ್ತದ. ಗಣಪ್ಪ ಬಂದು ಹೋದ ಮ್ಯಾಲ ಜೋಕುಮಾರ ಹುಟ್ತಾನ. ಅಂವಂದು ಏಳೇ ದಿನದ ಆಯುಷ್ಯ. ಮಣ್ಣಿನ ಮೂರ್ತಿ, ದೊಡ್ಡ ಕಣ್ಣು, ಅಗಲ ಬಾಯಿ, ತುಟಿಗೆ ಬೆಣ್ಣಿ ಮೆತ್ತಿರ್ತಾರ, ಬುಟ್ಟ್ಯಾಗ ಬೇವಿನ ಸೊಪ್ಪಿನ ನಡುವ ಕೂಡಿಸಿ ಹೆಣ್ಮಕ್ಕಳು ತಲಿ ಮ್ಯಾಲ ಹೊತ್ತು ಮನಿಮನಿಗೆ ತರ್ತಾರ, ಹಾಡ್ತಾರ, ಜ್ವಾಳ ಹಾಕಿಸ್ಕೋತಾರ. ಮಳಿ ತರೋ ದೇವರು, ಮಕ್ಕಳಾಗದವರಿಗೆ ಮಕ್ಕಳು ಕೊಡೋ ದೇವರು, ಹಂಗೇ ಕಂಡ ಹೆಣ್ಮಕ್ಕಳ ಮ್ಯಾಲ ಕಣ್ಣು ಹಾಕೋ ಪುಂಡ. ಹುಣ್ಣಿವಿ ರಾತ್ರಿ ಅಂವನ್ನ ಕೊಲ್ತಾರ. ಊರಿಂದೂರಿಗೆ ರೀತಿ ಬ್ಯಾರೆ, ಭಾಳ ಕಡೆ ಊರ ಹೊರಗ ಒಯ್ದು ಇಟ್ಟು ಸುತ್ತ ಮುಳ್ಳು ಹಾಕಿ ಹೆಂಗಸ್ರು ಹಾಡ್ತಾ ತಿರುಗ್ತಾರ, ಒಬ್ಬಾಕಿ ಸೀರಿ ಸೆರಗು ಮುಳ್ಳಿಗೆ ಸಿಕ್ಕಿತು ಅಂದ್ರ ಅಂವನೇ ಎಳದಾ ಅಂತ ಒನಕಿ ಎತ್ತಿ ಹೊಡದು, ಹಿಂದ ತಿರುಗಿ ನೋಡದಂಗ ಮನಿಗೆ ಓಡಿ ಬರ್ತಾರ. ಆಮ್ಯಾಲ ಮೂರು ದಿನ ಅಗಸರು ಹಳ್ಳಕ್ಕ ಬಟ್ಟಿ ಒಗ್ಯಾಕ ಹೋಗಂಗಿಲ್ಲ. ಯಾಕಂದ್ರ ಒಗಿಯೋ ಬಂಡಿ ಕೆಳಗ ಅಂವ ನರಳೋದು ಕೇಳಸ್ತದ ಅಂತ.

ಈಗ ನೋಡ್ರಿ, ಇದರಾಗ ಏನೇನು ಅದ. ಏಳು ದಿನದ ಗಡುವು ಅದ, ಹಿಂದ ನೋಡಬಾರ್ದು ಅನ್ನೋ ಕಟ್ಟಳಿ ಅದ, ಕಣ್ಣಿಗೆ ಕಾಣದ ಸದ್ದು ಅದ. ಕೊಂದವರೇ ಅಂವಂಗೆ ಮಳಿ ಬೇಡ್ತಾರ, ಮುಂದಿನ ವರ್ಷ ಅಂವನ್ನೇ ಮತ್ತ ಮಾಡ್ತಾರ. ಯಾವ ಕ್ರಾಂಪಸ್‌ಗೆ ಇಷ್ಟು ಅದ ಹೇಳ್ರಿ? ಯಾರೋ ನಮ್ಮ ಕಡೆ ಹುಡುಗ್ರು ಕ್ಯಾಮೆರಾ ಹಿಡದವರು ಇದನ್ನ ಸರಿಯಾಗಿ, ಹಾಡು ಹಾಡೋ ಹೆಣ್ಮಕ್ಕಳನ್ನ ಕೇಳಿ, ಅವರ ಮಾತಿನ್ಯಾಗೇ ಮಾಡಬೇಕು ಅಂತ ನನಗ ಭಾಳ ಆಸೆ ಅದ. ದೆವ್ವ ಅಂದ್ರ ಬಿಳಿ ಸೀರಿ, ಪಾಳು ಬಂಗ್ಲೆ ಅಂತ ಅಷ್ಟಕ್ಕೇ ನಿಂತುಬಿಟ್ಟದ ನಮ್ಮ ಸಿನಿಮಾ. ನಮ್ಮೂರು ಮೊಹರಂದಾಗ ಹುಲಿ ವೇಷ ಹಾಕ್ಕೊಂಡು ಹಲಗಿ ಸಪ್ಪಳಕ್ಕ ಕುಣೀತಾ ಬಾಗಿಲಿಗೆ ಬಂದಾಗ ಸಣ್ಣ ಹುಡುಗ್ರು ಅಡಕೊಳ್ತಾವ, ಮತ್ತ ಹಣಿಕಿ ಹಾಕಿ ನೋಡ್ತಾವ. ಅಂಜೋದು, ನೋಡೋದು ಎರಡೂ ಒಮ್ಮೆಲೇ. ಹಬ್ಬದ ಅಂಜಿಕಿ ಅಂದ್ರ ಅದು.

ಜೋಕುಮಾರನ ಕಥಿ ನಿಮ್ಮ ದೊಡ್ಡವ್ವಗ ನನಗಿಂತ ಚಲೋ ಗೊತ್ತಿರ್ತದ, ಹಾಡೂ ಗೊತ್ತಿರ್ತದ. ಯಾರಾದ್ರೂ ಮೊಬೈಲಿನ್ಯಾಗ ರೆಕಾರ್ಡ್ ಮಾಡಿ ಇಟ್ಕೊಳ್ರಿ.

ಸೌಂಡ್ ಬಾಕ್ಸ್, ಗಂಗಾವತಿ:

ಮಾಸ್ತರ್ ಹೇಳಿದ್ದು ಓದಿ ಮೈ ಜುಮ್ ಅಂತು ಸರ್, ಹಳ್ಳದ ಬಂಡಿ ಕೆಳಗ ನರಳೋ ಸದ್ದು, ಅದನ್ನ ಸರಿಯಾಗಿ ಮಾಡಿದ್ರ ಥೇಟರ್‌ನಾಗ ಯಾರೂ ಉಸಿರು ಬಿಡಂಗಿಲ್ಲ. ನಾ ಮದುವಿ ಜಾತ್ರಿಗೆ ಸೌಂಡ್ ಹಾಕೋನು, ಅದಕ್ಕ ಸಿನಿಮಾ ಯಾವುದು ಅಂತ ನೀವು ಹೇಳ್ರಿ, ಹೆಂಗ ಹಾಕ್ಬೇಕು ಅಂತ ನಾ ಹೇಳ್ತೀನಿ.

ತಮ್ಮಾ, ಹಾರರ್ ಅಂದ್ರ ಕಿವಿ. ದೊಡ್ಡ ಡಬ್ಬಿ ತಂದು ಜೋರ್ ಹಾಕಿದ್ರ ಅಂಜಿಕಿ ಬರ್ತೈತಿ ಅಂತ ಎಲ್ಲಾರೂ ತಿಳ್ಕೊಂಡಾರ, ಅದು ಬೆಚ್ಚಿ ಬೀಳೋದು, ಅಂಜಿಕಿ ಅಲ್ಲ. ಸಣ್ಣ ಸದ್ದು ಕೇಳಂಗಿರಬೇಕು, ಬಾಗಿಲು ಕಿರ್ ಅನ್ನೋದು, ಮಹಡಿ ಮ್ಯಾಲ ಹೆಜ್ಜಿ. ಎರಡು ಸ್ಪೀಕರ್ ಇದ್ರ ಸಾಕು, ಪರದೆ ಎರಡೂ ಬಾಜೂ ಇಡು, ಕುಂತವರ ಕಿವಿ ಎತ್ತರಕ್ಕ ಇಡು, ನೆಲದ ಮ್ಯಾಲ ಇಟ್ರ ಮಾತು ಗುಂಯ್ ಅಂತೈತಿ. ಬೇಸ್ ಕಡಿಮಿ ಮಾಡು, ನಮ್ಮ ಹಳೇ ಮನಿ ಕಲ್ಲಿನ ಗ್ವಾಡ್ಯಾಗ ಬೇಸ್ ಹೊಡದ್ರ ಡೈಲಾಗ್ ತಿಳಿಯಂಗಿಲ್ಲ. ಗ್ವಾಡಿಗೆ ಎದುರ ಕಡಿ ಎರಡು ಕೌದಿ ಇಳಿ ಬಿಡು, ಸದ್ದು ತಿರುಗಿ ಬರೋದು ನಿಲ್ತೈತಿ.

ಹ್ಯಾಲೊವೀನ್ ಅಂತ ಮ್ಯಾಲ ಒಂದು ಹೆಸರು ಬಂತಲ್ಲ, 1978ದ್ದು, ಜಾನ್ ಕಾರ್ಪೆಂಟರ್. ಅದರ ಮ್ಯೂಸಿಕ್ ಅಂವನ ಮಾಡಿದ್ದು, ಒಂದು ಪಿಯಾನೊ, ಐದು ಎಣಿಕಿ ತಾಳ, ನಾಕಕ್ಕ ಮುಗೀತು ಅಂತ ಕಿವಿ ಕಾಯ್ತೈತಿ, ಇನ್ನೊಂದು ಬೀಳ್ತೈತಿ. ಅಷ್ಟರ ಮ್ಯಾಲ ಇಡೀ ಸಿನಿಮಾ ನಿಂತೈತಿ. ರೊಕ್ಕ ಇರಲಿಲ್ಲ ಅವರ ಹತ್ರ, ಶೂಟಿಂಗ್ ಆಗಿದ್ದು ಕ್ಯಾಲಿಫೋರ್ನಿಯಾದಾಗ, ಅಕ್ಟೋಬರ್ ಅಂತ ತೋರ್ಸಾಕ ಎಲಿಗೆ ಬಣ್ಣ ಬಳದು ರಸ್ತಾದ ಮ್ಯಾಲ ಚೆಲ್ಲಿ, ಸೀನ್ ಆದ ಮ್ಯಾಲ ಬಳಕೊಂಡು ಚೀಲಕ್ಕ ತುಂಬಿ ಮುಂದಿನ ಸೀನಿಗೆ ಒಯ್ತಿದ್ರು. ಕೊಲೆಗಾರನ ಮುಖವಾಡ ಸ್ಟಾರ್ ಟ್ರೆಕ್ ಕ್ಯಾಪ್ಟನ್ ಕಿರ್ಕ್‌ದು, ಅಂಗಡ್ಯಾಗ ತಗೊಂಡು ಬಿಳಿ ಬಣ್ಣ ಹೊಡದ್ರು. ಇದನ್ನ ಯಾಕ ಹೇಳ್ದೆ ಅಂದ್ರ ಮಾಸ್ತರ್ ಜೋಕುಮಾರನ್ನ ಯಾರಾದ್ರೂ ಮಾಡ್ಬೇಕು ಅಂದ್ರಲ್ಲ, ಭಾಳ ರೊಕ್ಕ ಬೇಕಾಗಿಲ್ಲ, ಒಂದು ಸದ್ದು ಸರಿ ಸಿಕ್ರ ಸಾಕು.

ಕರೆಂಟಿಂದು ನೋಡ್ಕೋರಿ, ಇನ್ವರ್ಟರ್ ಇದ್ರ ಪ್ರೊಜೆಕ್ಟರ್ ಎಷ್ಟು ವ್ಯಾಟ್ ಅಂತ ಹಿಂದ ಬರದಿರ್ತಾರ, ಇನ್ವರ್ಟರ್ ಎಳಿತೈತೋ ಇಲ್ಲೋ ಹಿಂದಿನ ದಿನಾನ ಹಚ್ಚಿ ನೋಡ್ರಿ. ಸಿನಿಮಾ ಯಾವ ಆ್ಯಪ್‌ನಾಗ ಐತೋ ಮೊದ್ಲ ನೋಡಿ ಡೌನ್‌ಲೋಡ್ ಮಾಡಿ ಇಟ್ಕೋರಿ, ರಾತ್ರಿ ಹೊತ್ತು ಊರಾಗ ನೆಟ್ ನಂಬಿ ಕುಂತ್ರ ನಡುವ ಚಕ್ರ ತಿರುಗ್ತೈತಿ, ಅಷ್ಟೊತ್ತಿಗೆ ಎಲ್ಲಾರ ಅಂಜಿಕೀನೂ ಇಳಿದಿರ್ತೈತಿ.

ಬಳ್ಳಾರಿ ಬಿಸಿಲು:

ಮಾಸ್ತರ್ ಸಾರ್ ನಮಸ್ಕಾರ, ನಮ್ಮ ಸಿರುಗುಪ್ಪ ಕಡೆನೂ ಜೋಕುಮಾರ ಬರ್ತಾನೆ, ನಮ್ಮವ್ವ ಬೇವಿನೆಲೆ ಇಸ್ಕಂಡು ಜ್ವಾಳದ ಗುಮ್ಮಿಯಾಗೆ ಹಾಕ್ತಿದ್ಲು. ಇದನ್ನ ಸಿನಿಮಾ ಮಾಡಿದ್ರೆ ನಾನು ಮೊದಲನೇ ದಿನ ಮೊದಲನೇ ಶೋ.

ಹುಡುಗಾ, ಗೊತ್ತಿದ್ದ ಸಿನಿಮಾಕ್ಕೆ ಅಂಜಿಕೆ ಬರ್ತದಾ ಅಂತ ಕೇಳಿದ್ದೆಲ್ಲ, ಸಣ್ಣ ಹುಡುಗ್ರು ಆಪ್ತಮಿತ್ರನ ಟೀವಿಯಾಗೆ ಅಡ್ವರ್ಟೈಸ್ ನಡುವೆ ನೋಡಿರ್ತಾರೆ, ಕತ್ತಲೆಯಾಗೆ ಗೋಡೆ ತುಂಬ ನೋಡಿರಲ್ಲ. ದೊಡ್ಡೋರಿಗೆ ಅಂಜಿಕೆ ಬೇಕಾಗಿಲ್ಲ, ಅವರಿಗೆ ವಿಷ್ಣುವರ್ಧನ್ ಬೇಕು. ಮೇಲಾಗಿ ನಮ್ಮ ಕಡೆ ದೊಡ್ಡೋರಿಗೆ ದೆವ್ವದ ಸಿನಿಮಾ ಅಂದ್ರೆ ನಾ ನಿನ್ನ ಬಿಡಲಾರೆ, 1979ದ್ದು, ಅನಂತನಾಗ್ ಲಕ್ಷ್ಮಿ. ಹಬ್ಬ ಇಲ್ಲ ಅದರಾಗೆ, ಆದ್ರೆ ಕಥೆ ಕೊನಿಗೆ ಮಂತ್ರಾಲಯಕ್ಕೆ ಹೋಗಿ ಮುಟ್ತದೆ, ರಾಯರ ಹೆಸರು ಬಂದ್ರೆ ನಿಮ್ಮ ದೊಡ್ಡವ್ವ ಅಮಾಸಿ ಮಾತು ಎತ್ತಲ್ಲ. ಎರಡರಾಗೆ ಯಾವುದು ಅಂತ ಆಕೀನ್ನೇ ಕೇಳು.

ಎರಿಹೊಲದ ಹುಡುಗ, ಯಲಬುರ್ಗಾ:

ಎಲ್ಲಾರೂ ಇಷ್ಟು ಮನಸ್ಸಿಟ್ಟು ಬರದ್ರಿ, ಭಾಳ ಖುಷಿ ಆತ್ರಿ. ಮನ್ಯಾಗ ಎಲ್ಲಾ ಓದಿ ಹೇಳ್ದೆ. ಜೋಕುಮಾರನ ಮಾತು ಬಂದ ಕೂಡ್ಲೇ ದೊಡ್ಡವ್ವ ತಾನ ಹಾಡಾಕ ಚಾಲೂ ಮಾಡಿದ್ಲು, ಮೂರು ನುಡಿ ಹಾಡಿ ಉಳದದ್ದು ಅಮಾಸಿ ರಾತ್ರಿಗೆ ಅಂದ್ಲು, ಅಂದ್ರ ಒಪ್ಪಿದ್ಲು ಅಂತನ ಅರ್ಥ. ಸಿನಿಮ್ಯಾದ ಪಟ್ಟಿ ಹಿಂಗ ಮಾಡೀವಿ, ಮೊದ್ಲ ದೊಡ್ಡವ್ವನ ಕಥಿ ಹಾಡು, ಆಮ್ಯಾಲ ಗ್ರೆಮ್ಲಿನ್ಸ್, ಅದಕ್ಕ ನಾನು ಬಾಜೂಕ ಕುಂತು ಮಾವಗ ಕನ್ನಡದಾಗ ಹೇಳ್ತೀನಿ ಅಂತ ಒಪ್ಸೀನಿ. ಹುಡುಗ್ರು ಮಕ್ಕೊಂಡ ಮ್ಯಾಲ ಕ್ರಾಂಪಸ್. ಬ್ಲ್ಯಾಕ್ ಕ್ರಿಸ್ಮಸ್ ಅನ್ನ ನಾವು ನಾಕು ಮಂದಿ ಮರುದಿನ ಮಾಳಿಗಿ ಕೋಣ್ಯಾಗ ನೋಡ್ತೀವಿ, ಆ ಫೋನ್ ಎಕ್ಸ್‌ಚೇಂಜ್ ಸೀನ್ ನೋಡಾಕ ತಡ್ಯಾಕಾಗವಲ್ದು. ಆಪ್ತಮಿತ್ರ ದಸರಾಕ್ಕ ಇಟ್ಟೀವಿ ಅಕ್ಕಾ, ದುರ್ಗಾಷ್ಟಮಿ ದಿನಾನ ಹಾಕ್ತೀವಿ, ಬಿಡಂಗಿಲ್ಲ.

ಅಣ್ಣಾ ಸೌಂಡ್ ಬಾಕ್ಸ್, ನಮ್ಮ ಪಡಸಾಲಿ ಮಾಳಿಗಿ ಮಣ್ಣಿಂದು, ನಡುವ ಎರಡು ಕಂಬ ಅದಾವ, ಸ್ಪೀಕರ್ ಕಂಬದ ಮುಂದ ಇಡ್ಲಾ ಹಿಂದ ಇಡ್ಲಾ?

ಸೌಂಡ್ ಬಾಕ್ಸ್, ಗಂಗಾವತಿ:

ಮಣ್ಣಿನ ಮಾಳಿಗಿ ಇದ್ರ ನಿನ್ನ ಪುಣ್ಯ, ಸದ್ದು ಗುಂಯ್ ಅನ್ನಂಗಿಲ್ಲ, ಎದುರಿಗೆ ಕೌದಿನೂ ಬ್ಯಾಡ. ಸ್ಪೀಕರ್ ಕಂಬದ ಮುಂದ ಬರ್ಲಿ, ಗ್ವಾಡಿಯಿಂದ ಒಂದು ಮೊಳ ಬಿಟ್ಟು, ಸ್ವಲ್ಪ ಒಳಗ ತಿರುಗಿಸಿ ಇಡು. ಕಂಬದ ಹಿಂದ ಕುಂತವರಿಗೆ ಪರದಿ ಕಾಣಂಗಿಲ್ಲ, ಅಲ್ಲಿ ಊಟದ ಸಾಮಾನು ಇಟ್ಟುಬಿಡು. ಅಮಾಸಿ ಹಿಂದಿನ ದಿನ ಹಚ್ಚಿ ನೋಡು, ಏನಾದ್ರೂ ತೊಂದ್ರಿ ಬಂದ್ರ ಇಲ್ಲೇ ಬರಿ, ರಾತ್ರಿ ಹನ್ನೊಂದರ ತನ ಎಚ್ಚರ ಇರ್ತೀನಿ.